ನಕ್ಷೆಗೆ ಸಿಗದ ಕೋಟೆ: ಬ್ಲ್ಯಾಕ್‌ಸ್ಟೋನ್ ಫೋರ್ಟ್ರೆಸ್ ಒಳಗಿನ ಓಡಾಟ

ಮೊದಲು ಒಂದು ಲೆಕ್ಕ ಮಾಡಿಬಿಡೋಣ, ಫೋನ್ ತೆಗೀರಿ. ಆಕಾಶದಲ್ಲಿ ತೇಲ್ತಾ ಇರೋ ಒಂದು ಗುಂಡನ್ನ ಊಹಿಸ್ಕೊಳ್ಳಿ, ಅಡ್ಡಗಲ 10 ಕಿಲೋಮೀಟರ್ ಅಷ್ಟೇ. ಬೆಂಗಳೂರಲ್ಲಿ ದಿನಾ ಆಫೀಸಿಗೆ ಹೋಗ್ಬರೋರಿಗೆ 10 ಕಿಲೋಮೀಟರ್ ಅಂದ್ರೆ ಏನೂ ಅಲ್ಲ. ಈಗ ಆ ಗುಂಡಿನ ಒಳಗೆ ಪ್ರತಿ 10 ಮೀಟರಿಗೆ ಒಂದೊಂದು ಮಹಡಿ ಹಾಕ್ತಾ ಹೋಗಿ, ಕೆಳಗಿಂದ ಮೇಲಿನ ತನಕ, ಒಟ್ಟು ಸಾವಿರ ಮಹಡಿ. ಎಲ್ಲಾ ಮಹಡಿಗಳ ನೆಲ ಕೂಡಿಸಿದ್ರೆ ಎಷ್ಟಾಗುತ್ತೆ? ಸುಮಾರು 52,000 ಚದರ ಕಿಲೋಮೀಟರ್. ಇಡೀ ಕೇರಳ ರಾಜ್ಯ 39,000 ಚದರ ಕಿಲೋಮೀಟರ್ ಒಳಗೇ ಮುಗಿದುಹೋಗುತ್ತೆ, ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ ಜಾಗ ಇದು, ಹತ್ತೇ ಕಿಲೋಮೀಟರ್ ಗುಂಡಿನೊಳಗೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಕೈಲಿ ಟಾರ್ಚ್ ಹಿಡ್ಕೊಂಡು ಒಬ್ಬರು ಒಂದು ಹೆಕ್ಟೇರ್ ಜಾಗ, ಅಂದ್ರೆ ಎರಡೂವರೆ ಎಕರೆ ತೋಟ ಅಂದ್ಕೊಳ್ಳಿ, ಅಷ್ಟನ್ನ ಹತ್ತು ನಿಮಿಷದಲ್ಲಿ ನೋಡಿ ಮುಗಿಸ್ತಾರೆ ಅಂತಿಟ್ಕೊಳ್ಳಿ. ಹಾಗೆ ಪೂರ್ತಿ ನೋಡೋಕೆ ಊಟ ನಿದ್ದೆ ಬಿಟ್ಟು ನಡೆದ್ರೂ 99 ವರ್ಷ ಬೇಕು. ಐದು ಜನ ಹಂಚ್ಕೊಂಡ್ರೆ ಇಪ್ಪತ್ತು ವರ್ಷ. ನಿದ್ದೆ, ಊಟ, ಗಾಯ, ಭಯ ಎಲ್ಲಾ ಸೇರಿಸಿದ್ರೆ ನಲವತ್ತು ವರ್ಷದ ಮೇಲೇ ಹೋಗುತ್ತೆ. ಒಬ್ಬ ಮನುಷ್ಯನ ದುಡಿಯೋ ಕಾಲ ಪೂರ್ತಿ ಅಲ್ಲೇ ಮುಗೀತು.

ಸೈನ್ಸ್ ಫಿಕ್ಷನ್‌ನಲ್ಲಿ "ಅದು ಎಷ್ಟು ದೊಡ್ಡದಿತ್ತಪ್ಪಾ ಅಂದ್ರೆ" ಅಂತ ಶುರು ಮಾಡಿ ಕಿಲೋಮೀಟರ್ ನಂಬರ್ ಹೇಳಿಬಿಡ್ತಾರೆ, ನಂಬರ್ ಕೇಳಿ ನಮಗೆ ಏನೂ ಅನ್ಸಲ್ಲ, ಅದಕ್ಕೇ ಈ ಲೆಕ್ಕದಿಂದ ಶುರು ಮಾಡ್ದೆ. ದೊಡ್ಡದು ಅನ್ನೋದು ಎದೆಗೆ ತಟ್ಟೋದು ಯಾವಾಗ ಅಂದ್ರೆ, ನನ್ನ ಇಡೀ ಆಯಸ್ಸು ಸುರಿದ್ರೂ ಇದನ್ನ ನೋಡಿ ಮುಗಿಸೋಕಾಗಲ್ಲ ಅಂತ ಗೊತ್ತಾದಾಗ. ಹಾಗಾದ್ರೆ ಇಂಥ ಜಾಗದ ಒಳಗೆ ಹೋಗೋರು ಏನನ್ನ ನೋಡೋಕೆ ಹೋಗ್ತಾರೆ? ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದು ಇದೊಂದೇ ವಿಷಯ, ಮಧ್ಯೆ ಆಕಡೆ ಈಕಡೆ ಹೋದ್ರೂ ಇದಕ್ಕೇ ವಾಪಸ್ ಬರ್ತೀನಿ.

ನಾನು ತಗೊಂಡಿರೋ ಉದಾಹರಣೆ ವಾರ್‌ಹ್ಯಾಮರ್ 40,000 ಜಗತ್ತಿನ ಬ್ಲ್ಯಾಕ್‌ಸ್ಟೋನ್ ಫೋರ್ಟ್ರೆಸ್. ಗೊತ್ತಿಲ್ಲದೋರಿಗೆ ಎರಡೇ ಮಾತಲ್ಲಿ: ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರೋ ಗೇಮ್ಸ್ ವರ್ಕ್‌ಶಾಪ್ ಅನ್ನೋ ಕಂಪನಿ ಚಿಕ್ಕ ಚಿಕ್ಕ ಬೊಂಬೆ ಸೈನಿಕರನ್ನ ಮಾಡಿ ಟೇಬಲ್ ಮೇಲೆ ಆಡೋ ಯುದ್ಧದ ಆಟ ಮಾರುತ್ತೆ, ಅದರ ಕತೆ ನಡೆಯೋದು ಇವತ್ತಿಂದ ಮೂವತ್ತೆಂಟು ಸಾವಿರ ವರ್ಷ ಆದ್ಮೇಲೆ. ಮನುಷ್ಯರ ಇಂಪೀರಿಯಂ ಅಂತ ಒಂದು ಸಾಮ್ರಾಜ್ಯ ಇದೆ, ಗ್ಯಾಲಕ್ಸಿ ತುಂಬಾ ಹರಡಿದೆ, ಒಳಗೊಳಗೆ ಕೊಳೀತಾ ಇದೆ. ಹಳೇ ಕಾಲದ ಯಂತ್ರಗಳನ್ನ ರಿಪೇರಿ ಮಾಡೋ ಬುದ್ಧಿ ಹೋಗಿ, ಅದಕ್ಕೆ ಮಂತ್ರ ಹೇಳಿ ಎಣ್ಣೆ ಹಚ್ಚೋ ಪೂಜಾರಿಗಳು ಮಾತ್ರ ಉಳ್ಕೊಂಡಿದ್ದಾರೆ.

ಅಂಥ ಜನರಿಗೆ ಗಾಥಿಕ್ ಸೆಕ್ಟರ್ ಅನ್ನೋ ಕಡೆ ಆರು ಕೋಟೆ ಸಿಗುತ್ತೆ. ಕಪ್ಪು ಕಲ್ಲಿನ ಥರದ ಪದಾರ್ಥ, ಸುತ್ತಲೂ ಮೊನಚಾದ ಚಾಚುಗಳು, ಯಾರು ಕಟ್ಟಿದ್ರು ಗೊತ್ತಿಲ್ಲ, ಯಾಕೆ ಕಟ್ಟಿದ್ರು ಗೊತ್ತಿಲ್ಲ, ಎಷ್ಟು ಹಳೇದು ಗೊತ್ತಿಲ್ಲ. ಅವುಗಳ ಪಕ್ಕ ನಿಂತ್ರೆ ಹಲವು ಕಿಲೋಮೀಟರ್ ಉದ್ದದ ಯುದ್ಧನೌಕೆಗಳೂ ಬಂದರಿನಲ್ಲಿ ಕಟ್ಟಿಹಾಕಿದ ದೋಣಿ ಥರ ಕಾಣ್ತವೆ. ಇಂಪೀರಿಯಲ್ ನೇವಿಯವರು ಏನು ಮಾಡಿದ್ರು ಅಂದ್ರೆ, ಒಳಗೆ ಹೋಗಿ ಕೈಗೆ ಸಿಕ್ಕಷ್ಟು ಜಾಗದಲ್ಲಿ ಠಾಣೆ ಹೂಡಿದ್ರು. ಕೋಟೆಯ ಸ್ವಂತ ಆಯುಧ ಹೇಗೆ ಕೆಲಸ ಮಾಡುತ್ತೆ ತಿಳೀಲಿಲ್ಲ, ಸರಿ ನಮ್ಮ ಫಿರಂಗಿಗಳನ್ನೇ ಮೇಲೆ ಕೂರ್ಸೋಣ ಅಂತ ಕೂರ್ಸಿದ್ರು. ಹಡಗು ನಿಲ್ಸೋಕೆ, ಮದ್ದುಗುಂಡು ಇಡೋಕೆ ಬಳಸಿದ್ರು. ಅರಮನೆ ಒಂದು ಸಿಕ್ಕಿದೆ, ಅದರ ಜಗಲಿ ಮೇಲೆ ಚಾಪೆ ಹಾಸ್ಕೊಂಡು ಮಲಗಿದ್ದಾರೆ, ಒಳಗಿನ ಕೋಣೆಗಳ ಬಾಗಿಲು ತೆಗೆಯೋದೇ ಗೊತ್ತಿಲ್ಲ. ಹಾಗೇ ತಲೆಮಾರುಗಳು ಕಳೆದವು.

ಎಲ್ಡಾರ್ ಅಂತ ಇನ್ನೊಂದು ಹಳೇ ಜನಾಂಗ ಇದೆ ಆ ಜಗತ್ತಲ್ಲಿ, ಅವರು ಇವೇ ಕೋಟೆಗಳನ್ನ ವೌಲ್‌ನ ತಾಯಿತಗಳು ಅಂತ ಕರೀತಾರೆ. ವೌಲ್ ಅಂದ್ರೆ ಅವರ ಪುರಾಣದ ಕಮ್ಮಾರ ದೇವರು. ನಕ್ಷತ್ರಗಳನ್ನೇ ತಿಂತಿದ್ದ ಪುರಾತನ ಶತ್ರುಗಳ ವಿರುದ್ಧದ ಯುದ್ಧಕ್ಕೆ ಇವನ್ನ ಮಾಡಿದ್ದು ಅನ್ನೋದು ಅವರ ಕಡೆಯ ಕತೆ. ನನಗೆ ಈ ಹೆಸರು ತುಂಬಾ ಇಷ್ಟ. ಒಂದೇ ವಸ್ತು, ಮನುಷ್ಯರಿಗೆ ಅದು ಕಲ್ಲಿನ ಕೋಟೆ, ಇವರಿಗೆ ಕತ್ತಲ್ಲಿ ಕಟ್ಕೊಳ್ಳೋ ತಾಯಿತ. ಕೋಟೆ ಅಂದ್ಕೊಂಡೋರು ಅದರ ಗೋಡೆ ನೋಡಿದ್ರು, ತಾಯಿತ ಅಂದೋರು ಅದನ್ನ ಯಾಕೆ ಮಾಡಿದ್ದು ಅನ್ನೋದನ್ನ ನೆನಪಲ್ಲಿಟ್ಕೊಂಡ್ರು.

ಇಲ್ಲಿ ಸ್ವಲ್ಪ ಚಿತ್ರದುರ್ಗಕ್ಕೆ ಹೋಗ್ಬರೋಣ, ಯಾಕಂದ್ರೆ ನಾನು ಕೋಟೆ ಅನ್ನೋ ಪದ ಕಲ್ತಿದ್ದೇ ಅಲ್ಲಿ. ಏಳು ಸುತ್ತಿನ ಕೋಟೆಗೆ ಹೋಗಿರೋರಿಗೆ ಗೊತ್ತು, ಬಾಗಿಲುಗಳು ಒಂದರ ಮುಂದೆ ಒಂದು ನೇರ ಇಲ್ಲ, ದಾರಿ ತಿರುಗುತ್ತೆ, ಮತ್ತೆ ತಿರುಗುತ್ತೆ. ಯಾಕೆ ಅಂದ್ರೆ ಆನೆ ಓಡಿಬಂದು ಬಾಗಿಲಿಗೆ ಗುದ್ದೋಕೆ ಜಾಗ ಸಿಗಬಾರದು. ಎಣ್ಣೆ ಕೊಳ ನೋಡಿದ್ರೆ ಎಷ್ಟು ಕಾಲ ಮುತ್ತಿಗೆ ತಡ್ಕೊಳ್ಳೋ ಯೋಚನೆ ಇತ್ತು ಅಂತ ಗೊತ್ತಾಗುತ್ತೆ, ಹೊಂಡಗಳನ್ನ ನೋಡಿದ್ರೆ ಮಳೆ ನೀರಿಗೆ ಎಷ್ಟು ಬೆಲೆ ಕೊಟ್ಟಿದ್ರು ಅಂತ ಗೊತ್ತಾಗುತ್ತೆ. ಅಂದ್ರೆ ಕೋಟೆಯನ್ನ ಓದಬಹುದು. ಕಟ್ಟಿದೋರು ಯಾರಿಗೆ ಹೆದರ್ತಿದ್ರು, ಏನು ತಿಂತಿದ್ರು, ಎಲ್ಲಿ ನಿಂತು ಕಾಯ್ತಿದ್ರು ಎಲ್ಲಾ ಕಲ್ಲಲ್ಲೇ ಇದೆ, ಯಾಕಂದ್ರೆ ಅವರೂ ನಮ್ಮ ಥರಾನೇ ಎರಡು ಕಾಲು, ಒಂದು ಹೊಟ್ಟೆ ಇರೋ ಜನ.

ಬ್ಲ್ಯಾಕ್‌ಸ್ಟೋನ್ ಕೋಟೆಯಲ್ಲಿ ಈ ಓದು ಎಲ್ಲಾ ಕೈಕೊಡುತ್ತೆ. ಕಣಜ ಇಲ್ಲ, ಬಾವಿ ಇಲ್ಲ, ಮಲಗೋ ಕೋಣೆ ಅಂತ ಗುರುತಿಸೋಕೆ ಏನೂ ಇಲ್ಲ. ಬಾಗಿಲು ಯಾವ ಎತ್ತರದೋರಿಗೆ ಮಾಡಿದ್ದು ಗೊತ್ತಾಗಲ್ಲ. ಹಾಗಾಗಿ ಒಳಗೆ ಹೋದೋರಿಗೆ ಆಗೋ ಭಯ ದೆವ್ವದ ಭಯ ಅಲ್ಲ, ಇದನ್ನ ಕಟ್ಟಿದೋರ ತಲೆಯಲ್ಲಿ ನಮ್ಮಂಥೋರು ಇರಲೇ ಇಲ್ಲ ಅನ್ನೋದು ಪ್ರತಿ ಗೋಡೆಯಲ್ಲೂ ಕಾಣುತ್ತಲ್ಲ, ಆ ಭಯ.

ಚಿತ್ರದುರ್ಗ ಅಂದಮೇಲೆ ಕಿಂಡಿ ವಿಷಯ ಹೇಳ್ಲೇಬೇಕು. ಓಬವ್ವನ ಕತೆ ನಿಮಗೆಲ್ಲ ಗೊತ್ತು, ಯಾರೋ ಒಬ್ಬರು ಬಂಡೆ ಸಂದಿಯಿಂದ ಕೋಟೆಯೊಳಗೆ ಹೋಗೋದನ್ನ ಹೈದರಾಲಿಯ ಕಡೆಯೋರು ನೋಡಿದ್ರು, ಅಲ್ಲಿಂದ ಒಬ್ಬೊಬ್ಬರಾಗಿ ನುಸುಳೋಕೆ ಬಂದ್ರು, ಅವಳು ಒನಕೆ ಹಿಡಿದು ನಿಂತ್ಲು. ಆ ಕತೆಯಲ್ಲಿ ಕೋಟೆ ಒಳಗಿನೋರಿಗೆ ಕಿಂಡಿ ಗೊತ್ತಿತ್ತು, ನೀರಿಗೆ ಹೋದ ಓಬವ್ವನಿಗೆ ಶಬ್ದ ಕೇಳಿಸ್ತು. ಗಾಥಿಕ್ ಸೆಕ್ಟರ್‌ನಲ್ಲಿ ಆಗಿದ್ದು ಇದರ ಉಲ್ಟಾ. ಒಳಗಿದ್ದ ನೇವಿಗೆ ತಮ್ಮ ಮನೆಯ ಕಿಂಡಿ ಎಲ್ಲಿದೆ ಗೊತ್ತಿರಲಿಲ್ಲ, ಹೊರಗಿಂದ ಬಂದೋನ ಕೈಲಿ ಕೀಲಿ ಇತ್ತು.

ಆ ಹೊರಗಿನೋನು ಅಬಡಾನ್, ಇಂಪೀರಿಯಂ ವಿರುದ್ಧ ತಿರುಗಿಬಿದ್ದ ಸೈನ್ಯದ ಮುಖ್ಯಸ್ಥ. ಕತೆಯ ಕ್ಯಾಲೆಂಡರ್ ಪ್ರಕಾರ 41ನೇ ಸಹಸ್ರಮಾನದ 143ನೇ ವರ್ಷದಲ್ಲಿ ಗಾಥಿಕ್ ಯುದ್ಧ ಶುರುವಾಗುತ್ತೆ. ಅದಕ್ಕೆ ಮೊದಲೇ ಅವನ ಕಡೆಯೋರು ಎರಡು ಹಳೇ ವಸ್ತು ಕದ್ದಿರ್ತಾರೆ, ಒಂದರ ಹೆಸರು ಕತ್ತಲೆಯ ಕೈ, ಇನ್ನೊಂದು ರಾತ್ರಿಯ ಕಣ್ಣು. ಕದ್ದಾಗ ಯಾರೂ ಅಷ್ಟು ತಲೆ ಕೆಡಿಸ್ಕೊಳ್ಳಲಿಲ್ಲ, ಯಾವುದೋ ಮ್ಯೂಸಿಯಂ ಸಾಮಾನು ಹೋಯ್ತು ಅನ್ನೋ ಹಾಗೆ. ಆಮೇಲೆ ನೋಡಿದ್ರೆ ಅವೆರಡೂ ಈ ಕೋಟೆಗಳನ್ನ ಎಬ್ಬಿಸೋ ಕೀಲಿಗಳು. ಅಷ್ಟು ಕಾಲ ಗೋದಾಮಾಗಿ ಬಿದ್ದಿದ್ದ ಕೋಟೆಗಳು ಎದ್ದವು. ಮೂರು ಕೋಟೆಗಳ ಶಕ್ತಿ ಒಟ್ಟು ಮಾಡಿ ಟರಾಂಟಿಸ್ ಅನ್ನೋ ನಕ್ಷತ್ರವನ್ನೇ ಸಿಡಿಸಿಬಿಟ್ರು, ಸುತ್ತ ಇದ್ದ ಲೋಕಗಳೆಲ್ಲ ಹೋದವು. ಕೊನೆಗೆ ಸೋತಾಗ ಅಬಡಾನ್ ಎರಡು ಕೋಟೆ ತಗೊಂಡು ಓಡಿಹೋದ, ಹಿಂದೆ ಉಳಿದವು ತಾವಾಗೇ ಕುಸಿದು ಹಾಳಾದವು. ಇಂಪೀರಿಯಂ ಕೈಗೆ ಒಂದೂ ಉಳೀಲಿಲ್ಲ. ಅಷ್ಟು ತಲೆಮಾರು ಅದರೊಳಗೇ ಇದ್ರೂ ಅದನ್ನ ತಿಳ್ಕೊಳ್ಳೋಕೆ ಸಿಕ್ಕಿದ್ದ ಅವಕಾಶ ಹಾಗೇ ಕೈಬಿಟ್ಟು ಹೋಯ್ತು. ಈ ಕತೆಯಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡೋ ಜಾಗ ಇದು.

ಕೋಟೆಗಳ ಈ ಕತೆ ಮತ್ತು ಆಡೋ ನಿಯಮ 1999ರಲ್ಲಿ ಬಂದ ಬ್ಯಾಟಲ್‌ಫ್ಲೀಟ್ ಗಾಥಿಕ್ ಅನ್ನೋ ಹಡಗು ಯುದ್ಧದ ಆಟದ ಕಾಲದಿಂದ ಇದೆ. ಅಲ್ಲಿ ಕೋಟೆಯನ್ನ ಹೊರಗಿಂದ ಮಾತ್ರ ನೋಡ್ತೀವಿ. ಒಳಗೆ ಕರ್ಕೊಂಡು ಹೋಗಿದ್ದು 2018ರಲ್ಲಿ ಬಂದ ಬೋರ್ಡ್ ಗೇಮ್, ವಾರ್‌ಹ್ಯಾಮರ್ ಕ್ವೆಸ್ಟ್ ಸರಣಿಯದು, ಹೆಸರೇ ಬ್ಲ್ಯಾಕ್‌ಸ್ಟೋನ್ ಫೋರ್ಟ್ರೆಸ್. ಗ್ಯಾಲಕ್ಸಿಯ ಪಶ್ಚಿಮದ ಅಂಚಲ್ಲಿ ಇನ್ನೊಂದು ಕೋಟೆ ಸಿಕ್ಕಿದೆ ಅನ್ನೋದರಿಂದ ಅದು ಶುರುವಾಗುತ್ತೆ. ನಾನೂ ನನ್ನ ಮೂರು ಜನ ಫ್ರೆಂಡ್ಸೂ ಒಂದು ಮಳೆಗಾಲ ಪೂರ್ತಿ ಶನಿವಾರ ಶನಿವಾರ ಇದನ್ನ ಆಡಿದ್ವಿ, ಇವತ್ತಿನ ಮಾತು ಹುಟ್ಟಿದ್ದೇ ಆ ಟೇಬಲ್ ಮೇಲೆ.

ಕೋಟೆಗೆ ಸ್ವಲ್ಪ ದೂರದಲ್ಲಿ ಪ್ರೆಸಿಪಿಸ್ ಅಂತ ಒಂದು ತಂಗುದಾಣ ಇದೆ. ಬಂದ ಹಡಗುಗಳೇ ಒಂದಕ್ಕೊಂದು ಅಂಟ್ಕೊಂಡು ಒಂದು ಊರಾಗಿಬಿಟ್ಟಿದೆ. ಜಾತ್ರೆ ಮುಗಿದ್ರೂ ಎತ್ತಿನಗಾಡಿಗಳು ವಾಪಸ್ ಹೋಗದೆ ಅಲ್ಲೇ ಬೀದಿಗಳಾಗಿಬಿಟ್ರೆ ಹೇಗಿರುತ್ತೆ ಹಾಗೆ. ಕೋಟೆಯೊಳಗಿಂದ ಸಿಕ್ಕ ಹಳೇ ಸಾಮಾನು ತಂದು ಇಲ್ಲಿ ಕೊಟ್ಟು, ಮದ್ದು ಆಯುಧ ತಗೊಂಡು, ಮತ್ತೆ ಒಳಗೆ ಹೋಗ್ಬೇಕು. ಹೊರಗಡೆ ಪ್ರಪಂಚದಲ್ಲಿ ಒಬ್ಬರನ್ನೊಬ್ಬರು ನೋಡಿದ ತಕ್ಷಣ ಗುಂಡು ಹಾರಿಸ್ಕೊಳ್ಳೋ ಜನ ಇಲ್ಲಿ ಒಟ್ಟಿಗೆ ಕೂತು ಪ್ಲಾನ್ ಮಾಡ್ತಾರೆ, ಯಾಕಂದ್ರೆ ಒಬ್ಬರೇ ಹೋದೋರು ವಾಪಸ್ ಬರಲ್ಲ.

ಆಟದ ಒಳಗಿನ ವ್ಯವಸ್ಥೆ ಸ್ವಲ್ಪ ಹೇಳ್ತೀನಿ, ಬೋರ್ಡ್ ಗೇಮ್ ಆಡದೋರು ಬೇಜಾರು ಮಾಡ್ಕೋಬೇಡಿ, ಇದರಲ್ಲೇ ವಿಷಯ ಇರೋದು. ಪ್ರತಿ ಸಲ ಹೊರಡುವಾಗ ಎಂಟು ಕಾರ್ಡ್ ಕಲಸಿ ಜೋಡಿಸ್ತಾರೆ, ನಾಲ್ಕು ಕಾದಾಟದ್ದು, ನಾಲ್ಕು ಸವಾಲಿನದ್ದು. ಒಂದೊಂದಾಗಿ ತಿರುಗಿಸ್ತಾ ಹೋಗ್ಬೇಕು. ಕಾದಾಟದ ಕಾರ್ಡ್ ಬಂದ್ರೆ ಅದರಲ್ಲಿ ತೋರಿಸಿರೋ ಹಾಗೆ ರಟ್ಟಿನ ತುಂಡುಗಳನ್ನ ಜೋಡಿಸಿ ಕೋಣೆ ಮಾಡ್ಕೋಬೇಕು. ಆ ಕೋಣೆ ದಾಟಿದ ಮೇಲೆ? ಎಲ್ಲಾ ಕಿತ್ತು ಡಬ್ಬಿಗೆ ಹಾಕಿ, ಮುಂದಿನ ಕಾರ್ಡಿಗೆ ಅದೇ ತುಂಡುಗಳಿಂದ ಬೇರೆ ಕೋಣೆ. ಮೊದಮೊದಲು ನನಗೆ ಇದು ಡಬ್ಬಿಯಲ್ಲಿ ರಟ್ಟು ಕಮ್ಮಿ ಇದೆ ಅಂತ ಮಾಡಿರೋ ಉಪಾಯ ಅನ್ನಿಸ್ತಿತ್ತು. ಆಮೇಲೆ ಕತೆ ಓದಿದಾಗ ಅರ್ಥ ಆಯ್ತು, ಕೋಟೆ ನಿಜವಾಗ್ಲೂ ಹಾಗೇನೇ. ಅದು ಒಳಗೊಳಗೆ ತನ್ನನ್ನ ತಾನೇ ಬದಲಾಯಿಸ್ಕೊಳ್ಳುತ್ತೆ, ಕೋಣೆ ಸರಿಯುತ್ತೆ, ದಾರಿ ಮುಚ್ಚುತ್ತೆ, ನೀವು ಹೋದ ಶನಿವಾರ ನಡೆದ ಓಣಿ ಈ ಶನಿವಾರ ಅಲ್ಲಿಲ್ಲ. ಈಗ ಮೊದಲು ಮಾಡಿದ ಲೆಕ್ಕ ನೆನಪು ಮಾಡ್ಕೊಳ್ಳಿ. 99 ವರ್ಷ ಅನ್ನೋದು ನಾವು ಊಹಿಸ್ಕೊಂಡ, ಅಲುಗಾಡದೆ ನಿಂತಿರೋ ಗುಂಡಿಗೆ. ಇದು ನಿಲ್ಲದೇ ಇರೋ ಕೋಟೆ, ನೋಡಿ ಮುಗಿಸಿದ ಎಕರೆ ಮತ್ತೆ ನೋಡದ ಎಕರೆ ಆಗ್ತಾ ಹೋಗುತ್ತೆ, ಸರ್ವೆ ಮಾಡೋನು ಕಲ್ಲು ನೆಟ್ಟು ತಿರುಗೋದ್ರೊಳಗೆ ಹೊಲಾನೇ ಜಾಗ ಬಿಟ್ಟಿರುತ್ತೆ.

ಶತ್ರುಗಳ ಆಟ ಆಡೋಕೆ ಇಲ್ಲಿ ಬೇರೆ ಆಟಗಾರ ಇಲ್ಲದೇನೂ ನಡೆಯುತ್ತೆ. ಇಪ್ಪತ್ತು ಮುಖದ ಕಪ್ಪು ದಾಳ ಒಂದಿದೆ, ಅದನ್ನ ಉರುಳಿಸಿ ಪಟ್ಟಿ ನೋಡಿದ್ರೆ ಎದುರಿಗಿರೋರು ನುಗ್ತಾರಾ, ಅಡಗ್ತಾರಾ, ಹಿಂದೆ ಸರೀತಾರಾ ಅಂತ ಗೊತ್ತಾಗುತ್ತೆ. ಪ್ರತಿ ಸುತ್ತಿನ ಕೊನೆಗೆ ಅದೇ ದಾಳದಿಂದ ಏನೋ ಒಂದು ಘಟನೆ. ನಮ್ಮ ನಾಲ್ಕೂ ಜನಕ್ಕೆ ಎರಡು ಮೂರು ವಾರದಲ್ಲೇ ಆ ದಾಳ ಅಂದ್ರೆ ಕೋಟೆಯ ಮನಸ್ಸು ಅನ್ನೋ ಭಾವನೆ ಬಂದುಬಿಟ್ಟಿತ್ತು, ಅದನ್ನ ಕೈಗೆ ತಗೊಳ್ಳುವಾಗ ಮಾತು ನಿಲ್ತಿತ್ತು. ಇನ್ನೊಂದು, ಪ್ರತಿ ಆಟಗಾರನಿಗೆ ಒಂದು ಸುತ್ತಿನಲ್ಲಿ ನಾಲ್ಕು ದಾಳ, ಒಂದೊಂದು ದಾಳ ಒಂದೊಂದು ಕೆಲಸ, ನಡೆಯೋದು, ಗುಂಡು ಹೊಡೆಯೋದು, ಹುಡುಕೋದು. ಗಾಯ ಆದ್ರೆ ದಾಳ ಇಡೋ ಜಾಗವೇ ಮುಚ್ಚಿಹೋಗುತ್ತೆ. ಅಂದ್ರೆ ಗಾಯಗೊಂಡೋನು ಸಾಯೋದಕ್ಕೆ ಮೊದಲು ನಿಧಾನ ಆಗ್ತಾನೆ. ಮೂರು ಗಾಯ ಆದ್ಮೇಲೆ ಒಂದೇ ಕೆಲಸ ಮಾಡ್ಬಹುದು, ಓಡ್ಬೇಕಾ, ಹೊಡೀಬೇಕಾ, ಕಾಲ ಕೆಳಗೆ ಬಿದ್ದಿರೋ ನಿಧಿ ಎತ್ಕೋಬೇಕಾ. ದೊಡ್ಡ ಜಾಗದಲ್ಲಿ ಮನುಷ್ಯನ ದೇಹ ಎಷ್ಟು ಚಿಕ್ಕದು ಅಂತ ಇಷ್ಟು ಸರಳವಾಗಿ ತೋರಿಸಿದ ನಿಯಮ ನಾನು ಬೇರೆ ಆಟದಲ್ಲಿ ನೋಡಿಲ್ಲ.

ಒಳಗೆ ಯಾರು ಸಿಗ್ತಾರೆ? ಅಬಡಾನ್ ಕಡೆಯ ಒಬ್ಬ ದಳಪತಿ, ಒಬ್ಸಿಡಿಯಸ್ ಮ್ಯಾಲೆಕ್ಸ್, ಅವನ ಸೈನಿಕರು ಅವರದ್ದೇ ಹುಡುಕಾಟದಲ್ಲಿದ್ದಾರೆ. ಅದರ ಜೊತೆ ಕೋಟೆಯದ್ದೇ ಡ್ರೋನ್‌ಗಳು, ಸ್ಪಿಂಡಲ್ ಡ್ರೋನ್ ಅಂತ, ಜೇಡದ ಥರ ಕಾಲು. ಇವು ಯಾರ ಪಕ್ಷವೂ ಅಲ್ಲ. ನಮ್ಮ ಮೈಗೆ ಮುಳ್ಳು ಚುಚ್ಚಿದ್ರೆ ಬಿಳಿ ರಕ್ತಕಣ ಬರುತ್ತಲ್ಲ, ಅದು ಮುಳ್ಳನ್ನ ನೀನು ಒಳ್ಳೇದಾ ಕೆಟ್ಟದ್ದಾ ಅಂತ ಕೇಳಲ್ಲ, ಹಾಗೆ. 2019ರಲ್ಲಿ ಬಂದ ಒಂದು ಸೇರ್ಪಡೆಯಲ್ಲಿ ಆಂಬುಲ್ ಅನ್ನೋ ಬಿಲ ತೋಡೋ ಪ್ರಾಣಿ ಒಳಗೆ ಸೇರ್ಕೊಂಡಿರುತ್ತೆ, ಗೋಡೆಯನ್ನೇ ಕೊರ್ಕೊಂಡು ಓಡಾಡುತ್ತೆ. ನನಗೆ ಪ್ರಾಣಿಗಿಂತ ಅದು ತೋಡಿದ ಬಿಲ ಇಷ್ಟ ಆಯ್ತು, ಏಕೆಂದ್ರೆ ಇಡೀ ಕೋಟೆಯಲ್ಲಿ ಯಾರೋ ಹೊಟ್ಟೆಪಾಡಿಗೆ ಮಾಡ್ಕೊಂಡ ದಾರಿ ಅದೊಂದೇ, ಅದು ಮಾತ್ರ ನಮಗೆ ಅರ್ಥ ಆಗುತ್ತೆ.

ಈಗ ಹೋಗೋರ ವಿಷಯ. ಯಾನಸ್ ಡ್ರೈಕ್ ಅಂತ ಒಬ್ಬ ಶ್ರೀಮಂತ ಸಾಹಸಿ, ಮೊದಲು ನಾನೇ ಒಳಗಿನದ್ದು ಗೆದ್ದು ತಂದೆ ಅಂತ ಹೆಸರಾಗ್ಬೇಕು ಅವನಿಗೆ. ಟ್ಯಾಡಿಯಸ್ ಅಂತ ಒಬ್ಬ ಪಾದ್ರಿ, ಅವನನ್ನ ಕರ್ಕೊಂಡು ಬಂದಿರೋದು ದೈವಭಕ್ತಿ. ಅಮಾಲಿನ್ ಅನ್ನೋ ಎಲ್ಡಾರ್ ಹೆಣ್ಣು, ಅವಳ ಜನಕ್ಕೆ ಇದು ಪುರಾಣದ ತಾಯಿತ. ರೈನ್ ಮತ್ತು ರೌಸ್ ಅನ್ನೋ ಕುಳ್ಳ ಅವಳಿಗಳು, ಗುರಿಯಿಟ್ಟು ಗುಂಡು ಹೊಡೆಯೋರು, ಕೈಗೆ ಸಿಕ್ಕಿದ್ದು ಜೇಬಿಗೆ. ದಾಹ್ಯಕ್ ಗ್ರೆಖ್ ಅಂತ ಒಬ್ಬ ಕ್ರೂಟ್, ಆ ಜನಾಂಗದೋರು ಸತ್ತೋರ ಮಾಂಸ ತಿಂದು ಅವರ ಗುಣ ತಮ್ಮದು ಮಾಡ್ಕೊಳ್ತಾರೆ. ಇನ್ನು ಯುಆರ್-025, ನೋಡೋಕೆ ಹೇಳಿದ್ದು ಕೇಳೋ ಯಂತ್ರ, ಒಳಗೆ ಸ್ವಂತ ಬುದ್ಧಿ ಇರೋದು, ಆ ಬುದ್ಧಿ ಇದೆ ಅಂತ ಇಂಪೀರಿಯಂಗೆ ಗೊತ್ತಾದ್ರೆ ತಕ್ಷಣ ಸುಟ್ಟುಹಾಕ್ತಾರೆ, ಹಾಗಾಗಿ ಯಾರದ್ದೋ ಆಳಿನ ಥರ ನಟಿಸ್ಕೊಂಡು ಓಡಾಡುತ್ತೆ.

ಒಂದು ಸಂಜೆ ನಮ್ಮ ಟೇಬಲ್ ಮೇಲೆ ಈ ಜಗಳ ಬಂತು. ಕಾದಾಟ ಮುಗಿದಿತ್ತು, ಹೊರಗೆ ಹೋಗೋ ದಾರಿ ತೆರೆದಿತ್ತು, ಮೂಲೆಯಲ್ಲಿ ಒಂದು ನಿಧಿ ಗುರುತು ಉಳಿದಿತ್ತು. ಅವಳಿಗಳನ್ನ ಆಡ್ತಿದ್ದ ಫ್ರೆಂಡ್ ಅದನ್ನ ಎತ್ಕೊಂಡೇ ಬರ್ತೀನಿ ಅಂದ, ನಾನು ಯುಆರ್-025 ಆಡ್ತಿದ್ದೆ, ಎರಡು ಗಾಯ ಆಗಿತ್ತು, ಬೇಡ ಕಣೋ ಹೊರಡೋಣ ಅಂದೆ. ಅವನು ಹೇಳಿದ ಮಾತು ಇನ್ನೂ ನೆನಪಿದೆ: "ನೀನು ಕೋಟೆ ನೋಡೋಕೆ ಬಂದಿದ್ದೀಯ, ನಾನು ಅದನ್ನ ತಗೊಂಡು ಹೋಗೋಕೆ ಬಂದಿದ್ದೀನಿ." ಹೋದ, ದಾಳ ಉರುಳ್ತು, ಡ್ರೋನ್ ಬಂತು, ಆವತ್ತು ಅವನ ಅವಳಿಗಳು ವಾಪಸ್ ಬರಲಿಲ್ಲ. ಅವನಿಗೆ ಪಶ್ಚಾತ್ತಾಪ ಏನೂ ಇರಲಿಲ್ಲ, ಆ ಪಾತ್ರಕ್ಕೆ ಅದೇ ಸರಿ ಅಂದ, ನನಗೂ ಸರಿ ಅನ್ನಿಸ್ತು. ಆವತ್ತೇ ನನಗೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿದ್ದು. ಪೂರ್ತಿ ನೋಡೋಕೆ ಸಾಧ್ಯವೇ ಇಲ್ಲದ ಜಾಗದಲ್ಲಿ ಪ್ರತಿಯೊಬ್ಬನೂ ತಾನು ತಂದ ಪ್ರಶ್ನೆಯಷ್ಟೇ ಅಗಲದ ಓಣಿಯಲ್ಲಿ ನಡೀತಾನೆ. ಪಾದ್ರಿಗೆ ಅಲ್ಲಿ ದೇವರ ಗುರುತು ಸಿಗುತ್ತೆ, ಕಳ್ಳನಿಗೆ ಚಿನ್ನ ಸಿಗುತ್ತೆ, ಕ್ರೂಟ್‌ಗೆ ಮಾಂಸ ಸಿಗುತ್ತೆ, ಮೂವರೂ ಸುಳ್ಳು ಹೇಳ್ತಿಲ್ಲ.

ಇದಕ್ಕೆ ಎದುರಾಗಿ ಇಟ್ಟು ನೋಡ್ಬೇಕಾದ ಇನ್ನೊಂದು ಕೋಟೆ ಅದೇ ಜಗತ್ತಲ್ಲಿದೆ, ಫ್ಯಾಲ್ಯಾಂಕ್ಸ್. ಇದು ಬಂಗಾರದ ಬಣ್ಣದ್ದು, ಚಿಕ್ಕ ಚಂದ್ರನಷ್ಟು ದೊಡ್ಡದು, ಇಂಪೀರಿಯಲ್ ಫಿಸ್ಟ್ಸ್ ಅನ್ನೋ ಸೈನಿಕರ ಮನೆ. ಇದೂ ಹಳೇ ಕಾಲದ್ದೇ, ಇದನ್ನೂ ಅವರು ಕಟ್ಟಿದ್ದಲ್ಲ. ಆದ್ರೆ ಆ ಸೈನಿಕರ ನಾಯಕ ರೋಗಲ್ ಡಾರ್ನ್ ಅನ್ನೋನಿಗೆ ಇದು ಹಾಳಾಗಿ ತೇಲ್ತಾ ಇರುವಾಗ ಸಿಕ್ಕಿದ್ದು, ಅವನು ರಿಪೇರಿ ಮಾಡಿ ಎಬ್ಬಿಸಿ, ಅದರಲ್ಲೇ ಇಂಪೀರಿಯಂನ ಚಕ್ರವರ್ತಿಯನ್ನ ನೋಡೋಕೆ ಬಂದ. ರಿಪೇರಿ ಮಾಡಿದೋನಿಗೆ ಮನೆಯ ಒಂದೊಂದು ಮೂಲೆಯೂ ಗೊತ್ತಿರುತ್ತೆ, ನಮ್ಮ ಅಜ್ಜಂದಿರಿಗೆ ತೊಲೆ ಯಾವ ಮರದ್ದು ಅಂತ ಗೊತ್ತಿರ್ತಿತ್ತಲ್ಲ ಹಾಗೆ. ಗಾತ್ರದಲ್ಲಿ ಇದೂ ನಂಬೋಕಾಗದಷ್ಟು ದೊಡ್ಡದು, ಆದರೂ ಇದರ ಒಳಗೆ ನಡೆಯೋ ಕತೆಗಳಲ್ಲಿ ಆ ಭಯ ಇಲ್ಲ. ಬರೀ ಗಾತ್ರ ಹೆದರ್ಸಲ್ಲ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಕ್ಕಿಲ್ಲ.

ಕೇಡಿಯಾ ಅನ್ನೋ ಗ್ರಹದ ಹತ್ತಿರ ಎರಡೂ ಥರದ ಕೋಟೆಗಳು ಎದುರುಬದುರು ಬರ್ತವೆ, 41ನೇ ಸಹಸ್ರಮಾನದ 999ನೇ ವರ್ಷದಲ್ಲಿ. ಅಬಡಾನ್ ಹಳೇ ಯುದ್ಧದಿಂದ ತಗೊಂಡು ಓಡಿದ್ದ ಕೋಟೆಗಳಲ್ಲಿ ಒಂದು, ವಿಲ್ ಆಫ್ ಎಟರ್ನಿಟಿ ಅಂತ ಹೆಸರು, ಅದರ ಎದುರು ಫ್ಯಾಲ್ಯಾಂಕ್ಸ್. ಕೇಡಿಯಾ ನೆಲದ ಮೇಲೆ ಅದೇ ಕಪ್ಪು ಕಲ್ಲಿನ ಪುರಾತನ ಕಂಬಗಳಿದ್ವು, ನರಕದಂಥ ಇನ್ನೊಂದು ಲೋಕದ ಶಕ್ತಿ ಈ ಕಡೆ ನುಗ್ಗದ ಹಾಗೆ ತಡೀತಿದ್ವು. ಅಬಡಾನ್‌ನ ಕೋಟೆ ಮುರಿದುಬಿತ್ತು. ಮುರಿದ ಕೋಟೆಯನ್ನ ಅವನು ಹಾಗೇ ಬಿಡಲಿಲ್ಲ, ಗ್ರಹದ ಮೇಲೇ ಬೀಳಿಸ್ದ. ಕಂಬಗಳು ಹೋದವು, ಗ್ರಹ ಹೋಯ್ತು. ಕೀಲಿ ಹುಡುಕಿ, ಕದ್ದು, ಎಬ್ಬಿಸಿ, ನಕ್ಷತ್ರ ಸಿಡಿಸೋಷ್ಟು ಕಲ್ತಿದ್ದ ಮನುಷ್ಯ ಕೊನೆಗೆ ಅದನ್ನ ಬಳಸಿದ್ದು ಒಂದು ಬಂಡೆಕಲ್ಲಿನ ಥರ, ಎತ್ತಿಹಾಕೋಕೆ. ಅವನಿಗೂ ಅದು ಪೂರ್ತಿ ಅರ್ಥ ಆಗಿರಲಿಲ್ಲ ಅಂತ ನಾನು ಓದ್ಕೊಳ್ತೀನಿ.

ವಾಪಸ್ ನಮ್ಮ ಟೇಬಲ್ಲಿಗೆ. ಆ ಬೋರ್ಡ್ ಗೇಮ್ ಡಬ್ಬಿಯಲ್ಲಿ ಒಂದು ಸೀಲ್ ಮಾಡಿದ ಲಕೋಟೆ ಇದೆ. ಸುಳಿವುಗಳನ್ನ ಕೂಡಿಸಿ, ಕೋಟೆಯೊಳಗಿನ ಭದ್ರನೆಲೆಗಳನ್ನ ಒಂದೊಂದಾಗಿ ಗೆದ್ದು, ಕೊನೆಗೆ ಗುಪ್ತ ಕೋಣೆಗೆ ಹೋದಾಗ ಮಾತ್ರ ಅದನ್ನ ಒಡೀಬೇಕು ಅಂತ ನಿಯಮ. ಅಷ್ಟೂ ಶನಿವಾರ ಅದು ಟೇಬಲ್ ಅಂಚಲ್ಲಿ ಕೂತಿತ್ತು, ಬೆಳಕಿಗೆ ಹಿಡಿದು ನೋಡ್ಬಹುದಿತ್ತು, ಯಾರೂ ಹಿಡೀಲಿಲ್ಲ. ಒಡೆದ ದಿನ ಹೊರಗೆ ಜೋರು ಮಳೆ, ಕರೆಂಟ್ ಹೋಗಿತ್ತು, ಎಮರ್ಜೆನ್ಸಿ ಲ್ಯಾಂಪ್ ಬೆಳಕಲ್ಲಿ ಒಬ್ಬ ಓದ್ದ, ಮೂವರು ಕೇಳಿದ್ವಿ. ಒಳಗೆ ಏನಿತ್ತು ಅಂತ ಹೇಳಲ್ಲ, ಇಲ್ಲಿ ಎರಡನೇ ಸಾಲಲ್ಲಿ ಕೂತಿರೋ ಮೂರು ಜನ ಮೊನ್ನೆ ತಾನೇ ಆಟ ಶುರು ಮಾಡಿದ್ದಾರೆ, ಇನ್ನೂ ಮೊದಲನೇ ಭದ್ರನೆಲೆಗೂ ಹೋಗಿಲ್ಲ.